ಸಂಬಳ ನಿಂತ ಮೇಲೂ ದುಡ್ಡು ಬರಬೇಕಾದರೆ: ಅಲೆಕ್ಸ್ ರೊಡ್ರಿಗೆಸ್ ಹೇಗೆ ಮಾಡಿದರು?

ಬೇಸ್‌ಬಾಲ್ ಆಡಿ ಅಲೆಕ್ಸ್ ರೊಡ್ರಿಗೆಸ್ ಪಡೆದ ಸಂಬಳವೇ 44 ಕೋಟಿ ಡಾಲರ್‌ಗೂ ಜಾಸ್ತಿ. ಅಷ್ಟು ಬಂದ ಮೇಲೆ ಶ್ರೀಮಂತರಾಗೋದು ಏನು ಮಹಾ ಅಂತೀರಾ? ಅದೇ ಕಾಲದ ದೊಡ್ಡ ಪಿಚರ್ (ಚೆಂಡು ಎಸೆಯುವ ಆಟಗಾರ) ಕರ್ಟ್ ಶಿಲ್ಲಿಂಗ್ ವಿಡಿಯೊ ಗೇಮ್ ಕಂಪನಿಯೊಂದಕ್ಕೆ ದುಡ್ಡು ಸುರಿದರು. 2012ರಲ್ಲಿ ಅದು ದಿವಾಳಿಯಾಯಿತು, ಅವರೂ ಚೆನ್ನಾಗಿಯೇ ಕೈ ಸುಟ್ಟುಕೊಂಡರು. ರೊಡ್ರಿಗೆಸ್ ದಾರಿ ಬೇರೆ. ಒಂದೊಂದೇ ಹೆಜ್ಜೆ ನೋಡೋಣ.

ಮೊದಲ ಹೆಜ್ಜೆ, ಮಾರುಕಟ್ಟೆಗೆ ಸರಿಯಾದ ವಯಸ್ಸಿನಲ್ಲಿ ಬರುವುದು. ಅಮೆರಿಕದ ಬೇಸ್‌ಬಾಲ್‌ನ ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡುವ ತನಕ ಆಟಗಾರ ತನ್ನ ತಂಡಕ್ಕೇ ಅಂಟಿಕೊಂಡಿರಬೇಕು, ಆಮೇಲೆ ಯಾರ ಜೊತೆ ಬೇಕಾದರೂ ಮಾತಾಡಬಹುದು. ಹದಿನೆಂಟಕ್ಕೇ ಸಿಯಾಟಲ್ ಪರ ಆಡಲು ಶುರು ಮಾಡಿದ್ದ ರೊಡ್ರಿಗೆಸ್‌ಗೆ ಈ ಬಿಡುಗಡೆ ಸಿಕ್ಕಾಗ ಬರೀ 25 ವರ್ಷ. 2000ದ ಡಿಸೆಂಬರ್‌ನಲ್ಲಿ ಏಜೆಂಟ್ ಸ್ಕಾಟ್ ಬೋರಾಸ್ ಟೆಕ್ಸಸ್ ರೇಂಜರ್ಸ್ ಜೊತೆ 10 ವರ್ಷಕ್ಕೆ 25.2 ಕೋಟಿ ಡಾಲರ್‌ಗೆ ವ್ಯವಹಾರ ಕುದುರಿಸಿದರು. ಐಪಿಎಲ್‌ನಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಪರ್ಸ್ ಅಂತ ಇದೆ ಅಲ್ವಾ, ಅಲ್ಲಿ ಹಾಗಿಲ್ಲ. ಮೇಲಾಗಿ ಒಪ್ಪಂದ ಗ್ಯಾರಂಟಿ. ಆಟಗಾರ ಗಾಯಗೊಂಡು ಮನೆಯಲ್ಲಿ ಕೂತರೂ ದುಡ್ಡು ಕೊಡಲೇಬೇಕು. ಆ ಭಯಕ್ಕೆ ರೇಂಜರ್ಸ್ ವಿಮೆ ಮಾಡಿಸಿದ್ದು ವಾರೆನ್ ಬಫೆಟ್ ಅವರ ಕಂಪನಿಯಲ್ಲಿ!

ಎರಡನೆಯದು, ಒಪ್ಪಂದದ ಸಣ್ಣ ಅಕ್ಷರಗಳು. ನನ್ನ ಪ್ರಕಾರ ಇಡೀ ಕತೆಯಲ್ಲಿ ಮಜಾ ಇರೋದೇ ಇಲ್ಲಿ. ಸಂಬಳದ ಒಂದು ಭಾಗವನ್ನು ಬಡ್ಡಿ ಸೇರಿಸಿ ಆಮೇಲೆ ಕೊಡಬೇಕು ಅಂತ ಬರೆಸಿಕೊಂಡಿದ್ದರು. 2004ರಲ್ಲಿ ಅವರು ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. 2010ರಲ್ಲಿ ರೇಂಜರ್ಸ್ ದಿವಾಳಿ ಅರ್ಜಿ ಹಾಕಿದಾಗ, ಭದ್ರತೆ ಇಲ್ಲದ ಸಾಲಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ಹೆಸರು ಯಾವುದೋ ಬ್ಯಾಂಕಿನದಲ್ಲ, ಆರು ವರ್ಷದ ಹಿಂದೆ ತಂಡ ಬಿಟ್ಟುಹೋಗಿದ್ದ ಈ ಆಟಗಾರನದು! ಬಾಕಿ ಸುಮಾರು 2.5 ಕೋಟಿ ಡಾಲರ್. ಒಪ್ಪಂದವನ್ನು ಮಧ್ಯದಲ್ಲೇ ಮುರಿದು ಹೊರಬರುವ ಹಕ್ಕನ್ನೂ ಅವರು ಇಟ್ಟುಕೊಂಡಿದ್ದರು. 2007ರಲ್ಲಿ ಅದನ್ನು ಬಳಸಿ, ಬೈಗುಳ ತಿಂದು, ಕೊನೆಗೆ ಯಾಂಕೀಸ್‌ನಿಂದಲೇ 27.5 ಕೋಟಿ ಡಾಲರ್‌ನ ಹೊಸ ಒಪ್ಪಂದ ಪಡೆದರು.

ಮೂರನೆಯದು ಬಾಡಿಗೆ ಮನೆ. ಮಯಾಮಿಯಲ್ಲಿ ಒಬ್ಬರೇ ಸಂಸಾರ ನಡೆಸುತ್ತಿದ್ದ ಅಮ್ಮ ಹಗಲು ಸೆಕ್ರೆಟರಿ ಕೆಲಸ, ರಾತ್ರಿ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡುತ್ತಿದ್ದರು. ಮಾಲೀಕ ಬಾಡಿಗೆ ಏರಿಸಿದಾಗಲೆಲ್ಲ ಮನೆ ಬದಲಿಸಬೇಕು. ಆ ಬಾಡಿಗೆ ಪಡೆಯುವ ಕಡೆ ತಾನಿರಬೇಕು ಅಂತ ಹುಡುಗನಿಗೆ ಆಗಲೇ ಅನ್ನಿಸಿತ್ತಂತೆ. ಆಡುತ್ತಿರುವಾಗಲೇ ಮಯಾಮಿಯಲ್ಲಿ ಎರಡು ಮನೆಗಳ ಸಣ್ಣ ಕಟ್ಟಡ ಕೊಂಡರು. ಆಮೇಲೆ ತಮ್ಮದೇ ಎ-ರಾಡ್ ಕಾರ್ಪ್ ಕಂಪನಿ ಮೂಲಕ ದೊಡ್ಡ ಅಪಾರ್ಟ್‌ಮೆಂಟ್‌ಗಳು, ಮಧ್ಯಮ ವರ್ಗದವರು ಬಾಡಿಗೆಗೆ ಇರುವಂಥವು.

ಇದರ ಲೆಕ್ಕ ಸುಲಭ. ಬೆಲೆಯಲ್ಲಿ ಸ್ವಲ್ಪ ಕೈಯಿಂದ, ಉಳಿದದ್ದು ಬ್ಯಾಂಕ್ ಸಾಲ, ಕಂತು ಕಟ್ಟೋದು ಬಾಡಿಗೆಯಿಂದ. ಇಂಥ ಕಟ್ಟಡದ ಬೆಲೆ ನಿಲ್ಲೋದು ಖರ್ಚು ಕಳೆದು ಉಳಿಯುವ ಬಾಡಿಗೆಯ ಮೇಲೆ. ಕೊಳ್ಳುವವರು ವರ್ಷಕ್ಕೆ ಶೇ 5 ಆದಾಯ ಬಯಸುತ್ತಾರೆ ಅಂತಿಟ್ಟುಕೊಳ್ಳಿ. ಆಗ ರಿಪೇರಿ, ನಿರ್ವಹಣೆ ಸರಿ ಮಾಡಿ ಒಂದು ಲಕ್ಷ ಡಾಲರ್ ಜಾಸ್ತಿ ಉಳಿಸಿದರೆ ಕಟ್ಟಡದ ಬೆಲೆ 20 ಲಕ್ಷ ಏರುತ್ತದೆ. ಬಾಡಿಗೆ ಖಾಲಿ ಬಿದ್ದರೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ ಅನ್ನೋದೂ ನೆನಪಿರಲಿ. ಅದಕ್ಕೇ ಸಂಬಳ ಬರುತ್ತಿರುವಾಗಲೇ ಶುರು ಮಾಡಿದ್ದು ಜಾಣತನ.

ಹೆಸರು ಕಾಪಾಡಿಕೊಳ್ಳೋದರಲ್ಲಿ ಮಾತ್ರ ಅವರು ಪೂರ್ತಿ ಎಡವಿದರು. ನಿಷೇಧಿತ ಮದ್ದಿನ ಪ್ರಕರಣದಲ್ಲಿ 2014ರ ಇಡೀ ಸೀಸನ್ ಅಮಾನತು, ಎರಡು ಕೋಟಿ ಡಾಲರ್‌ಗೂ ಜಾಸ್ತಿ ಸಂಬಳ ಖೋತಾ. ಅಷ್ಟಕ್ಕೇ ಮುಗಿಯಲಿಲ್ಲ. ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) ಲೆಕ್ಕದಲ್ಲಿ ದಂತಕತೆಗಳ ಒಂದೊಂದು ಮೈಲಿಗಲ್ಲು ಮುಟ್ಟಿದಾಗಲೂ 60 ಲಕ್ಷ ಡಾಲರ್ ಅಂತ ಯಾಂಕೀಸ್ ಒಪ್ಪಿತ್ತು. 2015ರಲ್ಲಿ ವಿಲ್ಲಿ ಮೇಸ್ ಅವರ 660 ಮುಟ್ಟಿದರು. ಕಳಂಕ ಹೊತ್ತ ಹೆಸರನ್ನು ಮಾರಾಟ ಮಾಡೋದು ಹೇಗೆ ಅಂತ ತಂಡ ಕೊಡಲು ಒಪ್ಪಲಿಲ್ಲ. ಕೊನೆಗೆ 35 ಲಕ್ಷ ಡಾಲರ್ ದಾನಕ್ಕೆ ಹೋಯಿತು, ಅವರ ಕೈಗೆ ಏನೂ ಬರಲಿಲ್ಲ. 696 ಹೋಮ್ ರನ್‌ಗೆ ನಿಲ್ಲಿಸಿ 2016ರಲ್ಲಿ ನಿವೃತ್ತರಾದ ಮೇಲೆ ಫಾಕ್ಸ್, ಇಎಸ್‌ಪಿಎನ್ ಟಿವಿ ಚಾನೆಲ್‌ಗಳಲ್ಲಿ ಮಾತಾಡುತ್ತಾ ಜನರ ಮುಂದೆ ಮತ್ತೆ ಬಂದರು.

ಕೊನೆಯದು, ತಂಡವನ್ನೇ ಕೊಳ್ಳುವುದು. 2020ರಲ್ಲಿ ಬೇಸ್‌ಬಾಲ್ ತಂಡ ನ್ಯೂಯಾರ್ಕ್ ಮೆಟ್ಸ್‌ಗೆ ಪ್ರಯತ್ನಿಸಿದರು, ಸಿಗಲಿಲ್ಲ. 2021ರಲ್ಲಿ ಉದ್ಯಮಿ ಮಾರ್ಕ್ ಲೋರ್ ಜೊತೆ ಸೇರಿ ಬಾಸ್ಕೆಟ್‌ಬಾಲ್‌ನ ಮಿನ್ನೆಸೋಟ ಟಿಂಬರ್‌ವುಲ್ವ್ಸ್ ಮತ್ತು ಲಿಂಕ್ಸ್ ತಂಡಗಳನ್ನು 150 ಕೋಟಿ ಡಾಲರ್‌ಗೆ, ಕಂತುಗಳಲ್ಲಿ ಕೊಳ್ಳಲು ಒಪ್ಪಿದರು. 2024ರಲ್ಲಿ ಮಾಲೀಕ ಗ್ಲೆನ್ ಟೇಲರ್ ಗಡುವು ಮೀರಿದೆ ಅಂತ ಮಾರಾಟ ನಿಲ್ಲಿಸಿದರು. ಮಧ್ಯಸ್ಥಿಕೆಯ ತೀರ್ಪು ಕೊಳ್ಳುವವರ ಪರ ಬಂತು, 2025ರ ಜೂನ್‌ನಲ್ಲಿ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಒಪ್ಪಿತು. ಬೆಲೆ ಮಾತ್ರ 2021ರದ್ದೇ. 2025ರ ಮಾರ್ಚ್‌ನಲ್ಲಿ ಅದೇ ಲೀಗ್‌ನ ಇನ್ನೊಂದು ತಂಡ ಬಾಸ್ಟನ್ ಸೆಲ್ಟಿಕ್ಸ್ ಮಾರಾಟಕ್ಕೆ ಕುದುರಿದ ಬೆಲೆ 610 ಕೋಟಿ ಡಾಲರ್.