ವಿದ್ಯಾರ್ಥಿವೇತನ: ಅರ್ಜಿಗೂ ಮೊದಲು ಹೆಸರು, ಖಾತೆ ತಾಳೆಯಾಗಲಿ

ಪದವಿ ಓದುವವರ ವಿದ್ಯಾರ್ಥಿವೇತನ ನಿಂತುಹೋಗುವುದು ಹೆಚ್ಚಾಗಿ ಅರ್ಹತೆ ಇಲ್ಲದ್ದಕ್ಕಲ್ಲ. ಒಂದು ದಾಖಲೆ ಇನ್ನೊಂದಕ್ಕೆ ತಾಳೆಯಾಗದ್ದಕ್ಕೆ. ಹಾಗಾಗಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಶುರುವಾಗುವವರೆಗೆ ಕಾಯಬೇಡಿ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಆಧಾರ್‌ನಲ್ಲಿ ಇರಲಿ. ಹೆಗಡೆ, ನಾಯ್ಕ, ಗೌಡ ಎಂಬ ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದೇ ಹೆಚ್ಚು. ತಿದ್ದಿಸುವುದಾದರೆ ಆಧಾರ್ ತಿದ್ದಿಸಿ, ಅಂಕಪಟ್ಟಿಯ ತಂಟೆಗೆ ಹೋಗಬೇಡಿ. ಜೊತೆಗೆ ಮೊಬೈಲ್ ನಂಬರನ್ನೂ ನೋಡಿಕೊಳ್ಳಿ. ಅಪ್ಪ ಗೋವಾದಲ್ಲೋ ಬೋಟಿನಲ್ಲೋ ಇದ್ದು, ಆಧಾರ್‌ಗೆ ಅವರ ನಂಬರ್ ಇದ್ದರೆ ಓಟಿಪಿ ಅಲ್ಲಿಗೇ ಹೋಗುತ್ತದೆ, ನಿಮಗೆ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಮುಂದೆ ಖಾತೆ. ಹಣ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ಪಾವತಿ ಜಾಲ ನಡೆಸುವ ಎನ್‌ಪಿಸಿಐನಲ್ಲಿ ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ಖಾತೆಗೆ. ಬ್ಯಾಂಕಿನವರು ‘ಆಧಾರ್ ಕೊಟ್ಟಿದ್ದೀರಲ್ಲ’ ಎಂದರೆ ಅಷ್ಟಕ್ಕೇ ಸಾಕೆನ್ನಬೇಡಿ. ಗುರುತಿಗೆ ದಾಖಲೆ ಕೊಡುವ ಕೆವೈಸಿ ಬೇರೆ, ಎನ್‌ಪಿಸಿಐ ಜೋಡಣೆ ಬೇರೆ. ‘ಮೈ ಆಧಾರ್’ ಜಾಲತಾಣದ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಟೇಟಸ್‌ನಲ್ಲಿ ಸಕ್ರಿಯ ಎಂದು ಬರಬೇಕು. ಊರಿನ ಸೊಸೈಟಿಯ ಉಳಿತಾಯ ಖಾತೆ ಇದಕ್ಕೆ ಆಗುವುದಿಲ್ಲ. ಜೊಯಿಡಾ, ಸಿದ್ದಾಪುರದ ಒಳ ಹಳ್ಳಿಯವರಿಗೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಯೇ ಸಲೀಸು.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದು. ಅರ್ಜಿಯಲ್ಲಿ ಹಾಕುವುದು ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ. ಆದಾಯದ್ದು 5 ವರ್ಷಕ್ಕೆ ಮುಗಿಯುತ್ತದೆ. ಪಿಯುಸಿಗೆ ಕೊಟ್ಟದ್ದನ್ನೇ ಮತ್ತೆ ಹಾಕುವ ಮುನ್ನ ದಿನಾಂಕ ನೋಡಿ.

ಎಸ್‌ಎಸ್‌ಪಿಯಲ್ಲಿ ಅರ್ಜಿ ಒಂದೇ, ಇಲಾಖೆಗಳು ಹಲವು. ಹಿಂದುಳಿದ ವರ್ಗದವರು ಹಾಸ್ಟೆಲ್‌ನಲ್ಲಿಲ್ಲದಿದ್ದರೆ ಊಟ, ವಸತಿಯ ನೆರವಾದ ವಿದ್ಯಾಸಿರಿ ಕೇಳಬಹುದು: ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ರೈತರ ಮಕ್ಕಳಿಗಿರುವ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ, ಬಿಎಸ್ಸಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಮೀನುಗಾರರ ಮಕ್ಕಳಿಗೂ ಇದು ವಿಸ್ತರಣೆಯಾಗಿದೆ. ಶಿರಸಿ ಕಡೆಯ ತೋಟದ ಮನೆಗಳಿಗೆ ತೊಡಕು ಇಲ್ಲೇ. ತಂದೆ ಅಥವಾ ತಾಯಿಯ ಹೆಸರಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು, ಪಹಣಿಯಲ್ಲಿ ಇನ್ನೂ ಅಜ್ಜನೇ ಇರುತ್ತಾನೆ! ಅಜ್ಜ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಪಹಣಿ ಬದಲಿಸುವ ಪೌತಿ ಖಾತೆ ಮಾಡಿಸಿ, ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಯಾವ ಜಾತಿಯವರಿಗೂ ತೆರೆದಿರುವುದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯ ಕೇಂದ್ರ ವಲಯ ಯೋಜನೆ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೊದಲ ಶೇ 20ರೊಳಗೆ ಬಂದು, ಕುಟುಂಬದ ಆದಾಯ 4.5 ಲಕ್ಷ ಮೀರದಿದ್ದರೆ ಅರ್ಜಿ ಹಾಕಬಹುದು. ಪದವಿಯ ಮೊದಲ 3 ವರ್ಷ ತಲಾ 12,000 ರೂಪಾಯಿ. ಆದರೆ ಇದರೊಟ್ಟಿಗೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಯಾವುದು ಲಾಭ ಎಂದು ಲೆಕ್ಕ ಹಾಕಿಯೇ ಅರ್ಜಿ ಹಾಕಿ.

ಇಷ್ಟಕ್ಕೂ ಸಾಲದಿದ್ದರೆ ಮಾತ್ರ ಬ್ಯಾಂಕ್ ಸಾಲ. ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ. ಬ್ಯಾಂಕಿನವರು ತೋಟದ ಪಹಣಿ ತನ್ನಿ ಎಂದರೆ ಈ ಮಾತು ನೆನಪಿಸಿ. ಕಂತು ಶುರುವಾಗುವುದು ಕೋರ್ಸ್ ಮುಗಿದು 1 ವರ್ಷದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಮ್ಯಾನೇಜರ್ ಬಾಯಿಮಾತಿಗೆ ಕಾಯದೆ ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ ಪಡೆಯಿರಿ.