ಲಿಫ್ಟಿನ ಬಾಗಿಲಲ್ಲಿ ಒಂದು ‘ಪ್ಲೀಸ್’: ದುಬೈಗೆ ಹೊಸದಾಗಿ ಬಂದವರಿಗೆ

ದುಬೈಗೆ ಬಂದ ಮೊದಲ ವರ್ಷದ ಮಾತು. ಲಿಫ್ಟಿನ ಬಾಗಿಲು ತೆರೆದಾಗ ಪಕ್ಕದಲ್ಲಿ ಇಲ್ಲಿನ ಗಂಡಸರ ಉದ್ದ ನಿಲುವಂಗಿಯಾದ ಬಿಳಿ ಕಂದೂರ ತೊಟ್ಟ ಹಿರಿಯರೊಬ್ಬರಿದ್ದರು. ನೀವು ಮೊದಲು ಹೋಗಿ ಎಂಬಂತೆ ಕೈಚಾಚಿ, ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ‘ಮಿನ್ ಫದ್ಲಕ್’ ಎಂಬ ಮಾತನ್ನು ಆಡಿದೆ. ಅವರು ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನೂ ನಿಂತೆ. ಬಾಗಿಲು ಮುಚ್ಚಿಕೊಂಡಿತು, ಲಿಫ್ಟ್ ಖಾಲಿಯಾಗಿಯೇ ಮೇಲೆ ಹೋಯಿತು. ನಾನು ಏನೋ ಸಹಾಯ ಕೇಳಲು ಹೊರಟಿದ್ದೇನೆ ಎಂದುಕೊಂಡು ಅವರು ಕಾಯುತ್ತಿದ್ದರಂತೆ.

ಪುಸ್ತಕದಲ್ಲಿ ‘ಪ್ಲೀಸ್’ ಎಂಬುದರ ಎದುರಿಗೆ ‘ಮಿನ್ ಫದ್ಲಕ್’ ಎಂದೇ ಇತ್ತು. ಪುಸ್ತಕದ ತಪ್ಪಲ್ಲ. ಇಂಗ್ಲಿಷಿನವರು ಕೇಳುವಾಗಲೂ ಪ್ಲೀಸ್ ಎನ್ನುತ್ತಾರೆ, ಕೊಡುವಾಗಲೂ ಪ್ಲೀಸ್ ಎನ್ನುತ್ತಾರೆ. ಅರಬ್ಬಿಯಲ್ಲಿ ಹಾಗಲ್ಲ. ಕೇಳುವ ಮಾತೇ ಬೇರೆ, ಕೊಡುವ ಮಾತೇ ಬೇರೆ. ಮಿನ್ ಫದ್ಲಕ್ ಎಂದರೆ ‘ನಿನ್ನ ಉಪಕಾರದಿಂದ’ ಎಂದರ್ಥ. ಉಪಕಾರ ಪಡೆಯುವವನು ಆಡಬೇಕಾದ ಮಾತು ಅದು. ನಾನು ಲಿಫ್ಟಿನೆದುರು ಆಡಬೇಕಾಗಿದ್ದದ್ದು ‘ತಫದ್ದಲ್’. ಎರಡೂ ಒಂದೇ ಧಾತುವಿನಿಂದ ಹುಟ್ಟಿದವು, ಆದರೆ ಮುಖ ಮಾಡಿರುವ ದಿಕ್ಕು ಬೇರೆ ಬೇರೆ.

ಹೊಸಬರಿಗೆ ನನ್ನ ಮೊದಲ ಸಲಹೆ: ಅರಬ್ಬಿ ಕಲಿಯುವಾಗ ನಡುವೆ ಇಂಗ್ಲಿಷನ್ನು ಕೂರಿಸಿಕೊಳ್ಳಬೇಡಿ. ಕನ್ನಡದಿಂದ ನೇರವಾಗಿ ಹೋಗಿ. ನಮ್ಮ ಮನೆಮಾತಿನಲ್ಲಾದರೂ ‘ಪ್ಲೀಸ್’ ಎಲ್ಲಿದೆ? ‘ದಯವಿಟ್ಟು’ ಇರುವುದು ಫಲಕಗಳಲ್ಲಿ, ಪತ್ರಗಳಲ್ಲಿ. ಅತ್ತೆಯ ಹತ್ತಿರ ‘ದಯವಿಟ್ಟು ಉಪ್ಪು ಕೊಡಿ’ ಎಂದವರನ್ನು ನಾನು ಕಂಡಿಲ್ಲ. ಎಂದರೆ ಅದು ಜಗಳದ ಆರಂಭವಿರಬೇಕು. ‘ಸ್ವಲ್ಪ ಉಪ್ಪು ಕೊಡಿ’ ಎನ್ನುತ್ತೇವೆ. ಆ ‘ಸ್ವಲ್ಪ’ ಮತ್ತು ‘ಕೊಡಿ’ಯಲ್ಲೇ ವಿನಯ ಅಡಗಿದೆ.

ಮನೆಗೆ ಬಂದವರಿಗೆ ನಾವು ‘ಬನ್ನಿ’, ‘ಕುಳಿತುಕೊಳ್ಳಿ’, ‘ತೆಗೆದುಕೊಳ್ಳಿ’ ಎಂದು ಏನೇನು ಹೇಳುತ್ತೇವೆಯೋ ಅಷ್ಟಕ್ಕೂ ಇಲ್ಲಿ ತಫದ್ದಲ್ ಒಂದೇ ಸಾಕು. ಕಚೇರಿಯ ಕೌಂಟರಿನಲ್ಲಿ ಗುರುತಿನ ಚೀಟಿ ಚಾಚುವಾಗ, ಕುರ್ಚಿ ಬಿಟ್ಟುಕೊಡುವಾಗ, ಖರ್ಜೂರದ ತಟ್ಟೆ ಮುಂದಿಡುವಾಗ ಇದನ್ನೇ ಹೇಳಿ. ಗಹ್ವಾ, ಅಂದರೆ ಅರಬ್ಬಿ ಕಾಫಿ, ಕೊಡುವವರು ತಫದ್ದಲ್ ಎಂದರೆ ಬಲಗೈಯಲ್ಲಿ ಬಟ್ಟಲು ಪಡೆಯಿರಿ. ಸಾಕೆನಿಸಿದಾಗ ಖಾಲಿ ಬಟ್ಟಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಾಡಿಸಬೇಕು. ಅಲುಗಾಡಿಸದೆ ಹಾಗೇ ಹಿಂದಿರುಗಿಸಿದರೆ ಮತ್ತೆ ತುಂಬಿಕೊಡುತ್ತಾರೆ. ನಾನು ಗೊತ್ತಿಲ್ಲದೆ ಐದು ಬಟ್ಟಲು ಕುಡಿದು ಆ ರಾತ್ರಿ ನಿದ್ದೆಗೆಟ್ಟೆ.

ಕೇಳಲು ‘ಲೌ ಸಮಹ್ತ್’ ರೂಢಿಸಿಕೊಳ್ಳಿ. ‘ಅನುಮತಿ ಕೊಡುವುದಾದರೆ’ ಎಂದು ಅರ್ಥ. ಮಿನ್ ಫದ್ಲಕ್ ಕೂಡ ಸರಿಯೇ, ಆದರೆ ಇದು ನಾಲಿಗೆಗೆ ಸುಲಭ, ಬಳಕೆಗೆ ವಿಶಾಲ. ಹೋಟೆಲಿನಲ್ಲಿ ಬಡಿಸುವವರನ್ನು ಕರೆಯಲು, ಗುಂಪಿನ ನಡುವೆ ದಾರಿ ಮಾಡಿಕೊಳ್ಳಲು, ವಿಳಾಸ ಕೇಳಲು ಎಲ್ಲಕ್ಕೂ ಆಗುತ್ತದೆ. ನಮ್ಮ ‘ಸ್ವಲ್ಪ ದಾರಿ ಬಿಡಿ’, ‘ಇಲ್ಲಿ ಕೇಳಿ’ ಎರಡೂ ಅದರಲ್ಲಿವೆ.

ಕನ್ನಡಿಗರು ಎಡವುವುದು ಇಲ್ಲೇ. ನಮ್ಮ ‘ನೀನು’, ‘ನೀವು’ಗಳಿಗೆ ಲಿಂಗಭೇದವಿಲ್ಲ, ಎದುರಿಗಿರುವವರು ಗಂಡಾಗಲಿ ಹೆಣ್ಣಾಗಲಿ ‘ಕೊಡಿ’ ಎಂದರೆ ಮುಗಿಯಿತು. ಅರಬ್ಬಿಯಲ್ಲಿ ಹೆಂಗಸರಿಗೆ ‘ಲೌ ಸಮಹ್ತಿ’, ‘ತಫದ್ದಲಿ’, ‘ಮಿನ್ ಫದ್ಲಿಕ್’ ಎನ್ನಬೇಕು. ಕೊಲ್ಲಿಯ ಸ್ಥಳೀಯರ ಬಾಯಲ್ಲಿ ಆ ಕೊನೆಯ ‘ಇಕ್’ ಅನೇಕ ವೇಳೆ ‘ಇಚ್’ ಆಗುತ್ತದೆ, ಗಾಬರಿಯಾಗಬೇಡಿ. ಹಲವರಿದ್ದರೆ ‘ತಫದ್ದಲೂ’. ಇನ್ನು ‘ನೀವು’ ಎಂಬ ಗೌರವವನ್ನು ಎಲ್ಲಿಡುವುದು ಎಂದು ಕೇಳುತ್ತೀರಿ. ಹಿರಿಯರಿಗೂ ಇಲ್ಲಿ ಏಕವಚನವೇ ನಡೆಯುತ್ತದೆ. ಅದರ ಜೊತೆಗೆ ‘ತಾಲ್ ಉಮ್ರಕ್’ ಸೇರಿಸಿದರೆ ನಮ್ಮ ಬಹುವಚನದ ತೂಕ ಬರುತ್ತದೆ. ನಿಮ್ಮ ಆಯುಸ್ಸು ದೀರ್ಘವಾಗಲಿ ಎಂಬ ಹಾರೈಕೆ ಅದು.

ನಿಜವಾದ ನಯ ಕೇಳಬೇಕೆಂದರೆ ಸ್ಥಳೀಯ ಹಿರಿಯರ ಬಾಯಲ್ಲಿ ‘ಇದಾ ಮಾ ಅಲೈಕ್ ಅಮ್ರ್’ ಕೇಳಿ. ‘ನಿನ್ನ ಮೇಲೆ ಆಜ್ಞೆಯಲ್ಲವಾದರೆ’ ಎಂದು ಇಷ್ಟೊಂದು ಬಳಸಿಕೊಂಡು ಬಂದು ಕೇಳುವುದು ಒಂದು ಲೋಟ ನೀರು! ಅದಕ್ಕೆ ಬರುವ ಮರುಮಾತು ಇನ್ನೂ ಚೆಂದ: ‘ಮಾ ಯಾಮುರ್ ಅಲೈಕ್ ಅದೂ’, ಶತ್ರು ಎಂದೂ ನಿನಗೆ ಆಜ್ಞೆ ಮಾಡದಿರಲಿ. ಇದನ್ನು ಒಮ್ಮೆ ಸರಿಯಾದ ಜಾಗದಲ್ಲಿ ಆಡಿ ನೋಡಿ, ಎದುರಿನವರ ಮುಖ ಅರಳುತ್ತದೆ.

ಫಲಕ ಮತ್ತು ಸರ್ಕಾರಿ ಪತ್ರಗಳ ಭಾಷೆ ಬೇರೆ. ಅಲ್ಲಿ ‘ಅರ್ರಜಾ’, ‘ಯುರ್ಜಾ’ ಕಾಣುತ್ತೀರಿ. ಎರಡನೆಯದು ನಮ್ಮ ‘ಕೋರಲಾಗಿದೆ’. ಯಾರು ಕೋರಿದರು ಎಂದು ಅಲ್ಲೂ ಗೊತ್ತಾಗುವುದಿಲ್ಲ. ಓದಲು ಗುರುತಿಟ್ಟುಕೊಳ್ಳಿ, ಬಾಯಲ್ಲಿ ಆಡಬೇಡಿ.

ಎಚ್ಚರ ಬೇಕಾದದ್ದು ಬೇಡಿಕೊಳ್ಳುವ ಮಾತುಗಳಲ್ಲಿ. ‘ಅಲ್ಲಾಹ್ ಯಖಲ್ಲೀಕ್’, ದೇವರು ನಿನ್ನನ್ನು ಉಳಿಸಲಿ, ಎನ್ನುವುದು ಮೃದುವಾದದ್ದು, ಊರಿನ ಅಜ್ಜಿ ‘ನಿನ್ನ ಹೊಟ್ಟೆ ತಣ್ಣಗಿರಲಿ, ಈ ಚೀಲ ಒಂದಿಷ್ಟು ಎತ್ತಿಕೊಡಪ್ಪ’ ಎಂದಂತೆ. ‘ಅರ್ಜೂಕ್’ ಎಂದರೆ ಅಂಗಲಾಚಿದಂತೆ. ಸೌದಿ, ಕುವೈತ್ ಕಡೆ ಕೇಳುವ ‘ತಿಕ್ಫಾ’ ಇನ್ನೂ ಭಾರ. ಆ ಮಾತಿಗೆ ಗಂಡಸರೇ ಅಲುಗಾಡುತ್ತಾರೆ ಎಂದು ಅವರಲ್ಲೊಂದು ನುಡಿಯಿದೆ. ಗೆಳೆಯರು ತಮಾಷೆಗೆ ಆಡಿಕೊಳ್ಳುತ್ತಾರೆ, ಅದು ಅವರ ಸಲಿಗೆ. ನೀವು ಮಾತ್ರ ಟ್ಯಾಕ್ಸಿ ನಿಲ್ಲಿಸಲು ಅದನ್ನು ಬಳಸಬೇಡಿ.

ಇದೆಲ್ಲ ಇಲ್ಲದೆಯೂ ಇಲ್ಲಿ ಬದುಕು ನಡೆಯುತ್ತದೆ. ಬಕಾಲಾ ಎಂಬ ದಿನಸಿ ಅಂಗಡಿಯಲ್ಲಿ ಮಲಯಾಳ, ಟ್ಯಾಕ್ಸಿಯಲ್ಲಿ ಹಿಂದಿ-ಉರ್ದು, ಕಚೇರಿಯಲ್ಲಿ ಇಂಗ್ಲಿಷ್. ಅರಬ್ಬಿಯ ಒಂದಕ್ಷರ ಬಾರದೆ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರನ್ನು ಬಲ್ಲೆ. ಮಂಗಳೂರು, ಭಟ್ಕಳ ಕಡೆಯವರಲ್ಲಿ ಬ್ಯಾರಿ ಅಥವಾ ನವಾಯತಿ ಮನೆಮಾತಿನವರಿಗೆ ಹಲವು ಅರಬ್ಬಿ ಪದಗಳು ಹುಟ್ಟಿನಿಂದಲೇ ಕಿವಿಗೆ ಬಿದ್ದಿರುತ್ತವೆ. ಅವರ ಪಕ್ಕ ಕುಳಿತು ಕಲಿಯಿರಿ.

ಕೇಳಿದ್ದಾಯಿತು, ಉತ್ತರವೂ ಅರ್ಥವಾಗಬೇಕಲ್ಲ? ‘ಹಾದಿರ್’ ಎಂದರೆ ಈಗಲೇ ಮಾಡುತ್ತೇನೆ ಎಂದು. ಶಾಲೆಯಲ್ಲಿ ನಾವು ಕೂಗುತ್ತಿದ್ದ ‘ಹಾಜರ್’ ಇದೇ ಪದ. ಸೌದಿಯಲ್ಲಿ ‘ಅಬ್ಶಿರ್’ ಎನ್ನುತ್ತಾರೆ, ಶುಭವೆಂದುಕೋ ಎಂಬಂತೆ. ಅಲ್ಲಿನ ಗೃಹ ಸಚಿವಾಲಯದ ಆನ್‌ಲೈನ್ ಸೇವೆಗೂ ಅದೇ ಹೆಸರು. ‘ಇನ್ಶಾ ಅಲ್ಲಾಹ್’ ಎಂದರೆ ಆಗಬಹುದು, ಆಗದೆಯೂ ಇರಬಹುದು. ಆಗ ಮುಖ ಸಪ್ಪೆ ಮಾಡಿಕೊಳ್ಳದೆ, ಲೌ ಸಮಹ್ತ್ ಎಂದು ಮತ್ತೊಮ್ಮೆ ಆರಂಭಿಸಿ ಯಾವ ದಿನ, ಎಷ್ಟು ಗಂಟೆಗೆ ಬರಲಿ ಎಂದು ಅಲ್ಲೇ ಕೇಳಿಕೊಂಡು ಬನ್ನಿ.