ಟ್ಯಾಂಕಿ ನೋಡಿ ದಾರಿ ಹಿಡಿದೆವು: ಯುರೋಪಿನಲ್ಲಿ ನಮ್ಮ ವ್ಯಾನ್ ಸಂಸಾರ

ಎಲ್‌ಎಂವಿ ಲೈಸೆನ್ಸ್ ಇದ್ದರೆ ನಮ್ಮಲ್ಲಿ 7500 ಕಿಲೋ ತೂಕದ ಗಾಡಿಯವರೆಗೆ ಓಡಿಸಬಹುದು. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ 3500 ಕಿಲೋ ಮಿತಿ. ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹುಡುಕುವವರು ಮೊದಲು ನೋಡಬೇಕಾದ್ದು ಇದನ್ನೇ. ಫೋಟೋದಲ್ಲಿ ಚಂದ ಕಾಣುವ ಕೆಲವು ದೊಡ್ಡ ಗಾಡಿಗಳು ಈ ಗೆರೆ ದಾಟುತ್ತವೆ. ನಾವು ತೆಗೆದುಕೊಂಡದ್ದು ಫಿಯೆಟ್ ಡುಕಾಟೊ ಮೇಲೆ ಕಟ್ಟಿದ, ಆರು ಮೀಟರ್ ಉದ್ದದ ವ್ಯಾನ್. ಹಿಂದೆ ಅಡ್ಡಕ್ಕೆ ಹಾಸಿಗೆ, ನಡುವೆ ಎರಡು ಒಲೆಯ ಅಡುಗೆ ಕಟ್ಟೆ, ಅದರ ಎದುರು ತಿರುಗಿದರೆ ಮೊಣಕೈ ಗೋಡೆಗೆ ತಾಗುವ ಬಚ್ಚಲು. ಇಬ್ಬರಿಗೆ ಸಾಕು. ಮೂರನೆಯವರು ಬಂದರೆ ಜಗಳ ಖಂಡಿತ.

ನಾವೆಂದರೆ ನಾನು ಮತ್ತು ಇವರು. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು, ಇವರು ಅಡಿಕೆ ತೋಟ ನೋಡಿಕೊಳ್ಳುವವರು. ತೋಟ ಇರುವವರಿಗೆ ತಿಂಗಳು ಆರಿಸುವ ಅವಕಾಶ ಕಡಿಮೆ ಅಲ್ವಾ? ಡಿಸೆಂಬರಿನಿಂದ ಮಳೆ ಬರುವ ತನಕ ಮರಗಳಿಗೆ ನೀರು ಬಿಡಬೇಕು. ಜೂನಿನಿಂದ ಕೊಳೆರೋಗಕ್ಕೆ ಬೋರ್ಡೋ ಮದ್ದು. ಮದ್ದಿನ ಕೆಲಸ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮೊದಲು ಸಿಗುವ ಸಂದು ಸೆಪ್ಟೆಂಬರ್. ಚೌತಿ ಮುಗಿಸಿ ಹೊರಟೆವು. ವ್ಯಾನಿಗೂ ಅದೇ ಒಳ್ಳೆಯ ಕಾಲ. ಜುಲೈ, ಆಗಸ್ಟಿನಲ್ಲಿ ಅಲ್ಲಿಯ ಶಾಲೆಗಳಿಗೆ ರಜೆ, ಬಾಡಿಗೆ ಮೇಲೇರಿರುತ್ತದೆ. ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ಇಳಿಯುತ್ತದೆ. ಎತ್ತರದ ಘಾಟಿ ರಸ್ತೆಗಳಿಗೆ ಆಗಿನ್ನೂ ಬೀಗ ಬಿದ್ದಿರುವುದಿಲ್ಲ.

ಕಾಗದಪತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾವನ್ನು ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಕೇಳಬೇಕು. 2024ರ ಜೂನಿನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಹೋಟೆಲ್ ಬುಕಿಂಗ್ ಎಲ್ಲಿ ಎಂದು ಕೇಳುತ್ತಾರೆ. ವ್ಯಾನಿನವರಿಗೆ ಹೋಟೆಲ್ ಎಲ್ಲಿಂದ ಬರಬೇಕು? ನಾವು ವ್ಯಾನಿನ ಬಾಡಿಗೆ ಕರಾರು, ಕ್ಯಾಂಪ್‌ಸೈಟುಗಳ ಬುಕಿಂಗ್, ದಿನಕ್ಕೊಂದು ಸಾಲಿನಂತೆ ಬರೆದ ದಾರಿಪಟ್ಟಿ ಮೂರನ್ನೂ ಒಟ್ಟಿಗೆ ಕೊಟ್ಟೆವು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ. ಒಂದು ಸಾವಿರ ರೂಪಾಯಿ ಶುಲ್ಕ, ಒಂದು ವರ್ಷದ ಅವಧಿ. ಅದರ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು. ಇಬ್ಬರೂ ಮಾಡಿಸಿಕೊಳ್ಳಿ. ಇವರೊಬ್ಬರೇ ಓಡಿಸುವುದಾದರೆ ಇವರು ನೋಡುವುದು ರಸ್ತೆ ಮಾತ್ರ.

ನಮ್ಮ ದಾರಿ ಒಂದು ಸುತ್ತು. ಮ್ಯೂನಿಕ್‌ನಿಂದ ಸಾಲ್ಸ್‌ಬುರ್ಗ್, ಅಲ್ಲಿಂದ ಗ್ರೋಸ್‌ಗ್ಲಾಕ್ನರ್ ಘಾಟಿ ಹತ್ತಿ ಇಳಿದು ಸ್ಲೊವೇನಿಯಾದ ಬ್ಲೆಡ್ ಸರೋವರ. ಮತ್ತೆ ವೆನಿಸ್, ಗಾರ್ಡಾ ಸರೋವರ, ಬ್ರೆನ್ನರ್ ಕಣಿವೆ ದಾಟಿ ವಾಪಸ್ ಮ್ಯೂನಿಕ್. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಯಾಕೆ ಬಿಟ್ಟಿರಿ ಎಂದು ಬಂಧುಗಳು ಈಗಲೂ ಕೇಳುತ್ತಾರೆ. ದೊಡ್ಡ ಊರಿನೊಳಗೆ ವ್ಯಾನ್ ಒಂದು ಹೊರೆ. ನಿಲ್ಲಿಸಲು ಜಾಗವಿಲ್ಲ, ಅಂಗಡಿಗಳ ಪಾರ್ಕಿಂಗಿಗೆ ಎರಡು ಮೀಟರ್ ಎತ್ತರದಲ್ಲಿ ಅಡ್ಡಪಟ್ಟಿ. ನಮ್ಮ ಗಾಡಿ ಎರಡೂವರೆ ಮೀಟರಿಗಿಂತ ಎತ್ತರ. ಹತ್ತಿದ ಕೂಡಲೇ ಎತ್ತರ, ಅಗಲ, ತೂಕ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿಕೊಂಡೆವು. ಸೇತುವೆ ಕಂಡಾಗ ಗೂಗಲ್ ಮಾಡುತ್ತಾ ಕೂರಲು ಆಗುವುದಿಲ್ಲ.

ಬಲಬದಿಯಲ್ಲಿ ಓಡಿಸುವುದಕ್ಕೆ ಜನ ಹೆದರುತ್ತಾರೆ. ಅದು ಅರ್ಧ ದಿನದಲ್ಲಿ ಕೈಗೆ ಬರುತ್ತದೆ. ಇಂಡಿಕೇಟರ್ ಕಡ್ಡಿ ಎಡಕ್ಕಿರುವುದರಿಂದ ತಿರುಗುವಲ್ಲೆಲ್ಲ ವೈಪರ್ ಆಡುತ್ತಿತ್ತು, ಅಷ್ಟೆ. ನಿಜಕ್ಕೂ ಗಮನ ಬೇಕಾದ್ದು ಜರ್ಮನಿ, ಆಸ್ಟ್ರಿಯಾದ ಸಣ್ಣ ಊರುಗಳಲ್ಲಿ. ಬೋರ್ಡ್ ಇಲ್ಲದ ಅಡ್ಡರಸ್ತೆಯಲ್ಲಿ ಬಲದಿಂದ ಬರುವವರಿಗೇ ಮೊದಲ ಹಕ್ಕು. ಅವರು ನಿಧಾನಿಸುವುದೇ ಇಲ್ಲ, ಸುಮ್ನೆ ಬರುತ್ತಾರೆ. ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ತೆರೆದದ್ದು. 48 ಕಿಲೋಮೀಟರ್ ಉದ್ದ, 36 ದೊಡ್ಡ ತಿರುವು, ಮೇಲಿನ ಹೋಖ್‌ಟೋರ್‌ನಲ್ಲಿ 2504 ಮೀಟರ್ ಎತ್ತರ. ಸಂಪಾಜೆ ಘಾಟಿಯಲ್ಲಿ ಜೀಪು ಓಡಿಸಿದ ಇವರಿಗೆ ತಿರುವು ಹೊಸದಲ್ಲ. ಮೂರು ಟನ್ನಿನ ಮೇಲಿನ ಗಾಡಿಯನ್ನು ಇಳಿಸುವುದು ಹೊಸದು. ಎರಡನೇ ಗೇರಿನಲ್ಲೇ ಇಳಿಸಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿದರು. ಹಿಂದೆ ಸಾಲುಗಟ್ಟಿದವರಿಗೆ ಅಲ್ಲಲ್ಲಿ ಬದಿಗೆ ನಿಂತು ದಾರಿ ಬಿಟ್ಟೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಯಾಂಪರ್ ಪ್ರವಾಸದಲ್ಲಿ ದಿನ ನಡೆಸುವುದು ನೋಡುವ ಜಾಗಗಳಲ್ಲ, ಟ್ಯಾಂಕಿಗಳು. ನಮ್ಮ ವ್ಯಾನಿನಲ್ಲಿ ಒಳ್ಳೆಯ ನೀರಿಗೆ ಸುಮಾರು ನೂರು ಲೀಟರ್, ಪಾತ್ರೆ ತೊಳೆದ, ಮಿಂದ ನೀರಿಗೆ ತೊಂಬತ್ತರ ಹತ್ತಿರ, ಕಕ್ಕಸಿನ ಡಬ್ಬಿಗೆ ಹದಿನೆಂಟು ಲೀಟರ್ ಜಾಗ. ಮೊದಲನೆಯದು ಖಾಲಿಯಾದರೂ, ಉಳಿದೆರಡರಲ್ಲಿ ಒಂದು ತುಂಬಿದರೂ ಆವತ್ತಿನ ಕಾರ್ಯಕ್ರಮ ಬದಲು. ಬ್ಲೆಡ್‌ನಲ್ಲಿ ಕೋಟೆ ನೋಡಬೇಕೆಂದಿದ್ದ ಬೆಳಗ್ಗೆ ನಾವು ಡಬ್ಬಿ ಖಾಲಿ ಮಾಡುವ ಸಾಲಿನಲ್ಲಿ ನಿಂತಿದ್ದೆವು.

ಇದರಲ್ಲಿ ನಮ್ಮೂರಿನ ಅಭ್ಯಾಸ ಕೈ ಹಿಡಿಯಿತು. ನಮ್ಮ ಮನೆಗೆ ಸುರಂಗದ ನೀರು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ತೆಳ್ಳಗೆ ಹರಿದು ಬರುವ ನೀರನ್ನು ಟ್ಯಾಂಕಿಯಲ್ಲಿ ಹಿಡಿದು ಬಳಸುವುದು. ಏಪ್ರಿಲಿನಲ್ಲಿ ಅದು ಇನ್ನೂ ಸಣ್ಣಗಾದಾಗ ಮೀಯುವುದಕ್ಕೆ ಇಷ್ಟು, ಪಾತ್ರೆಗೆ ಇಷ್ಟು ಎಂದು ಲೆಕ್ಕ ಹಾಕಿಯೇ ಬೆಳೆದವಳು ನಾನು. ವ್ಯಾನಿನಲ್ಲೂ ಅದನ್ನೇ ಮಾಡಿದೆ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಸಣ್ಣ ಬೋಗುಣಿಯ ನೀರಿನಲ್ಲಿ ತೊಳೆಯುವುದು. ಮೀಯುವಾಗ ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ ಮತ್ತೆ ತೆರೆಯುವುದು. ಕ್ಯಾಂಪ್‌ಸೈಟಿನಲ್ಲಿ ನಿಂತ ದಿನ ಅಲ್ಲಿಯ ಬಚ್ಚಲಲ್ಲೇ ಬಿಸಿನೀರಿನಲ್ಲಿ ಧಾರಾಳ ಸ್ನಾನ. ಹೀಗೆ ನಡೆದರೆ ನೂರು ಲೀಟರ್ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಇನ್ನೊಂದು ಮಾತು: ನೂರು ಲೀಟರ್ ನೀರೆಂದರೆ ನೂರು ಕಿಲೋ. ಘಾಟಿ ಹತ್ತುವ ಮೊದಲು ಟ್ಯಾಂಕಿ ತುಂಬಿಸಬೇಡಿ, ಇಳಿದ ಮೇಲೆ ತುಂಬಿಸಿ. ನಲ್ಲಿಯ ಮೇಲಿನ ಬರಹ ಓದಿ. ಜರ್ಮನ್ನಿನಲ್ಲಿ 'ಟ್ರಿಂಕ್‌ವಾಸರ್', ಇಟಲಿಯಲ್ಲಿ 'ಪೊಟಾಬಿಲೆ' ಎಂದಿದ್ದರೆ ಕುಡಿಯಬಹುದು. ಮುಂದೆ 'ಕೈನ್' ಅಥವಾ 'ನೋನ್' ಎಂದಿದ್ದರೆ ಕುಡಿಯಬಾರದು.

ಕಕ್ಕಸಿನ ಡಬ್ಬಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾಗಬೇಕಾದ್ದೂ ಅದೇ. ವ್ಯಾನಿನ ಹೊರಗಿನ ಸಣ್ಣ ಬಾಗಿಲು ತೆರೆದು ಎಳೆದರೆ ಸೂಟ್‌ಕೇಸಿನ ಹಾಗೆ ಬರುತ್ತದೆ, ಚಕ್ರವೂ ಇರುತ್ತದೆ. ಇಬ್ಬರಿದ್ದರೆ ಎರಡು ದಿನಕ್ಕೆ ತುಂಬುತ್ತದೆ. ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಸುರಿಯಬೇಕು. ಸುರಿದು, ತೊಳೆದು, ಹೊಸದಾಗಿ ಸ್ವಲ್ಪ ನೀರು ಮತ್ತು ವಾಸನೆ ತಡೆಯುವ ದ್ರಾವಣ ಹಾಕಿ ವಾಪಸ್ ತಳ್ಳುವುದು. ಒಪ್ಪಂದ ಹೀಗಿತ್ತು: ಡಬ್ಬಿ ಇವರದು, ಅಡುಗೆ ನನ್ನದು. ಎರಡನೇ ದಿನ ಇವರು, "ಮಾರಾಯ್ತಿ, ಕ್ಯಾಂಪ್‌ಸೈಟಿನ ಕಕ್ಕಸು ಎಷ್ಟು ಚಂದ ಉಂಟು, ಅಲ್ಲಿಗೇ ಹೋಗುವ" ಎಂದರು. ಆಮೇಲೆ ಡಬ್ಬಿ ರಾತ್ರಿಗೆ ಮಾತ್ರ.

ಅಡುಗೆಗೆ ಬರುತ್ತೇನೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಸಾಮಾನಿನಲ್ಲಿ ಯುರೋಪಿಗೆ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ ಮನೆಯಲ್ಲೇ ಉಳಿಯಿತು. ಹಸಿ ಕರಿಬೇವಿನ ಸೊಪ್ಪಿಗೂ ಸಸ್ಯ ಪ್ರಮಾಣಪತ್ರ ಬೇಕು, ಅದನ್ನು ಹುರಿದು ಚಟ್ನಿಹುಡಿಗೆ ಸೇರಿಸಿದೆ. ಪ್ರಮಾಣಪತ್ರ ಇಲ್ಲದೆ ಬಿಡುವ ಹಣ್ಣು ಐದೇ: ಅನಾನಸು, ಬಾಳೆ, ಖರ್ಜೂರ, ಡುರಿಯನ್ ಮತ್ತು ನಮ್ಮ ತೆಂಗಿನಕಾಯಿ! ಆದರೂ ಕಾಯಿ ಒಯ್ಯಲಿಲ್ಲ, ತೂಕ ಯಾರಿಗೆ ಬೇಕು. ಅಲ್ಲಿಯ ಅಂಗಡಿಯಲ್ಲಿ ಒಣ ತುರಿ ಸಿಗುತ್ತದೆ, ಬಿಸಿನೀರಿನಲ್ಲಿ ನೆನೆಸಿದರೆ ಸಾರಿಗೆ ನಡೆಯುತ್ತದೆ. ಚಟ್ನಿಗೆ ನಡೆಯುವುದಿಲ್ಲ.

ಇವರಿಗೆ ಕುಚ್ಚಿಲಕ್ಕಿ ಗಂಜಿ ಇಲ್ಲದೆ ಆಗದು. ಆದರೆ ಕುಚ್ಚಿಲಕ್ಕಿ ಬೇಯಲು ಗ್ಯಾಸ್ ಎಷ್ಟು ಬೇಕು! ಅಕ್ಕಿಯನ್ನು ಬೆಳಗ್ಗೆಯೇ ನೆನೆಸಿಟ್ಟು, ಸಣ್ಣ ಕುಕ್ಕರಿನಲ್ಲಿ ಕೂಗಿಸಿ, ಒಲೆ ಆರಿಸಿ, ಕುಕ್ಕರನ್ನು ಬಿಚ್ಚದೆ ದಪ್ಪ ಬೈರಾಸಿನಲ್ಲಿ ಸುತ್ತಿ ಹಾಸಿಗೆಯ ಮೂಲೆಯಲ್ಲಿ ಇಡುತ್ತಿದ್ದೆ. ಒಂದು ಗಂಟೆಯಲ್ಲಿ ಅದರಷ್ಟಕ್ಕೆ ಬೇಯುತ್ತಿತ್ತು. ಹಪ್ಪಳ, ಸಂಡಿಗೆ ಒಳಗೆ ಕರಿಯಬೇಡಿ. ಎಣ್ಣೆ ವಾಸನೆ ಸೀಟಿನ ಬಟ್ಟೆ ಹಿಡಿದರೆ ವ್ಯಾನ್ ವಾಪಸ್ ಕೊಡುವಾಗ ಡಿಪಾಸಿಟ್ಟಿಗೆ ಕತ್ತರಿ. ಒಗ್ಗರಣೆಯನ್ನೂ ನಾನು ಮಾಡಿನ ಕಿಂಡಿ ತೆರೆದೇ ಹಾಕಿದ್ದು.

ಗ್ಯಾಸ್ ಅಂಡೆ 11 ಕಿಲೋದ್ದು, ಒಳಗೆ ಪ್ರೊಪೇನ್. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದೇ ಇಲ್ಲ, ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತದೆ. ಚಳಿ ಊರಿಗೆ ಹೋಗುವವರು ಅಂಡೆಯ ಮೇಲೆ ಏನು ಬರೆದಿದೆ ಎಂದು ನೋಡಿ. ನಮ್ಮ ಫ್ರಿಜ್ಜು ನಿಂತಾಗ ಗ್ಯಾಸಿನಲ್ಲಿ, ಓಡುವಾಗ ಬ್ಯಾಟರಿಯಲ್ಲಿ, ಕ್ಯಾಂಪ್‌ಸೈಟಿನಲ್ಲಿ ಕರೆಂಟಿನಲ್ಲಿ ನಡೆಯುವ ಜಾತಿ. ಗಾಡಿ ಓರೆಯಾಗಿ ನಿಂತರೆ ಅದು ತಂಪು ಮಾಡುವುದಿಲ್ಲ. ಚಕ್ರದ ಅಡಿಗೆ ಇಡುವ ಪ್ಲಾಸ್ಟಿಕ್ ಮೆಟ್ಟಿಲನ್ನು ಬಾಡಿಗೆಯವರ ಹತ್ತಿರ ಕೇಳಿ ಪಡೆಯಿರಿ. ಕ್ಯಾಂಪ್‌ಸೈಟಿನ ಕರೆಂಟಿಗೂ ಮಿತಿ ಇದೆ. ಕೆಲವೆಡೆ ಆರೇ ಆಂಪಿಯರ್. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಎರಡು ಸಾವಿರ ವ್ಯಾಟಿನ ಇಂಡಕ್ಷನ್ ಒಲೆಯನ್ನು ಪೂರ್ತಿ ಏರಿಸಿದರೆ ಫ್ಯೂಸ್ ಹೋಗುತ್ತದೆ, ಸರಿಮಾಡಲು ಆಫೀಸಿನವರು ಬರಬೇಕು.

ರಾತ್ರಿ ಎಲ್ಲಿ ನಿಲ್ಲಿಸುವುದು? ಜರ್ಮನಿಯಲ್ಲಿ ಊರೂರಿಗೆ 'ಸ್ಟೆಲ್‌ಪ್ಲಾಟ್ಸ್' ಎಂಬ ವ್ಯಾನ್ ತಂಗುದಾಣ ಇದೆ, ಹತ್ತಿಪ್ಪತ್ತು ಯೂರೋದಲ್ಲಿ ಮುಗಿಯುತ್ತದೆ. ಕರೆಂಟು, ಬಚ್ಚಲು ಇರುವ ಕ್ಯಾಂಪ್‌ಸೈಟಿಗೆ ಇಬ್ಬರಿಗೆ ಮೂವತ್ತರಿಂದ ಐವತ್ತು. ಜರ್ಮನಿಯಲ್ಲಿ ದಣಿವು ಆರಿಸಿಕೊಳ್ಳಲು ಪಾರ್ಕಿಂಗಿನಲ್ಲಿ ಒಂದು ರಾತ್ರಿ ಮಲಗಿದರೆ ತಕರಾರಿಲ್ಲ, ಕುರ್ಚಿ ಹೊರಗೆ ಇಡಬಾರದು ಅಷ್ಟೆ. ಸ್ಲೊವೇನಿಯಾದಲ್ಲಿ ಕ್ಯಾಂಪಿಗೇ ಹೋಗಬೇಕು, ಇಲ್ಲದಿದ್ದರೆ ದಂಡ. ವೆನಿಸ್‌ಗೆ ಫುಸೀನಾದ ಕ್ಯಾಂಪಿನಲ್ಲಿ ಗಾಡಿ ಬಿಟ್ಟು ದೋಣಿಯಲ್ಲಿ ಹೋದೆವು, ಅದೇ ಸುಲಭ. ಇಟಲಿಯ ಹಳೆ ಊರುಗಳ ಬಾಗಿಲಲ್ಲಿ 'ಝಡ್‌ಟಿಎಲ್' (ಅಂದರೆ ಅನುಮತಿ ಇಲ್ಲದ ಗಾಡಿಗೆ ಪ್ರವೇಶವಿಲ್ಲ) ಬೋರ್ಡ್ ಕಂಡರೆ ಒಳಗೆ ನುಗ್ಗಬೇಡಿ. ಕ್ಯಾಮೆರಾ ಚಿತ್ರ ತೆಗೆಯುತ್ತದೆ, ದಂಡ ಬಾಡಿಗೆಯವರ ಮೂಲಕ ತಿಂಗಳುಗಳ ನಂತರ ಮನೆಗೆ ಬರುತ್ತದೆ, ಅವರ ಸೇವಾ ಶುಲ್ಕ ಬೇರೆ.

ಟೋಲ್ ದೇಶಕ್ಕೊಂದು ರೀತಿ. ಜರ್ಮನಿಯಲ್ಲಿ ಇಂಥ ಗಾಡಿಗೆ ಇಲ್ಲ. ಆಸ್ಟ್ರಿಯಾ, ಸ್ಲೊವೇನಿಯಾಗಳಿಗೆ ಅವಧಿಯ ಲೆಕ್ಕದ ವಿನ್ಯೆಟ್ ಎಂಬ ಟೋಲ್ ಪಾಸ್, ಆನ್‌ಲೈನಿನಲ್ಲೇ ಸಿಗುತ್ತದೆ. ಬ್ರೆನ್ನರ್ ಹೆದ್ದಾರಿ, ಕಾರವಾಂಕೆನ್ ಸುರಂಗಕ್ಕೆ ಅದು ಸಾಲದು, ಬೇರೆ ದುಡ್ಡು. ಇಟಲಿಯಲ್ಲಿ ಚೀಟಿ ತೆಗೆದುಕೊಂಡು ಹೋಗಿ ಇಳಿಯುವಲ್ಲಿ ಕೊಡುವುದು. ಸ್ವಿಟ್ಜರ್ಲೆಂಡಿನ ಹೆದ್ದಾರಿ ಹಿಡಿಯುವವರು ಒಂದು ದಿನಕ್ಕಾದರೂ ಇಡೀ ವರ್ಷದ 40 ಫ್ರಾಂಕ್ ಕೊಡಬೇಕು. ಅದೂ ಒಂದು ಕಾರಣ ನಾವು ಅತ್ತ ಹೋಗದಿರಲು.

ಇದು ಅಗ್ಗವೇ? ಅಲ್ಲ. ಬಾಡಿಗೆ, ಡೀಸೆಲ್, ಕ್ಯಾಂಪು ಎಲ್ಲ ಸೇರಿಸಿದರೆ ಸಾಧಾರಣ ಹೋಟೆಲು, ರೈಲಿನ ಪ್ರವಾಸಕ್ಕಿಂತ ಕಡಿಮೆ ಆಗುವುದಿಲ್ಲ. ಊಟದ್ದು ಉಳಿಯುತ್ತದೆ. ನಾಲ್ಕೈದು ದಿನಕ್ಕೆ ತೆಗೆದುಕೊಳ್ಳುವುದಂತೂ ದಂಡ, ಗಾಡಿಯ ಗುಟ್ಟು ತಿಳಿಯುವಷ್ಟರಲ್ಲಿ ವಾಪಸ್ ಕೊಡುವ ದಿನ ಬರುತ್ತದೆ. ಮೊಣಗಂಟು ನೋವಿನವರು ಹಾಸಿಗೆಯ ಎತ್ತರ ಕೇಳಿಯೇ ಬುಕ್ ಮಾಡಿ. ಅಡ್ಡ ಹಾಸಿಗೆಯಲ್ಲಿ ಒಳಬದಿಯವರು ಏಳಬೇಕಾದರೆ ಹೊರಬದಿಯವರನ್ನು ದಾಟಿಯೇ ಬರಬೇಕು. ನಾನು ಹೊರಬದಿ ಹಿಡಿದೆ, ಬಿಟ್ಟುಕೊಡಲಿಲ್ಲ. ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಲ್ಲಬೇಕು. ಕೂಗಿ ಹೇಳಲು ಹೋದರೆ ಅರ್ಧ ಕೇಳುತ್ತದೆ, ಉಳಿದರ್ಧ ಜಗಳ. ನಾವು ಫೋನ್ ಹಚ್ಚಿ ಮಾತಾಡುತ್ತಾ ರಿವರ್ಸ್ ತೆಗೆದೆವು.

ವಾಪಸ್ ಕೊಡುವ ಹಿಂದಿನ ರಾತ್ರಿ ಮ್ಯೂನಿಕ್ ಹತ್ತಿರದ ಕ್ಯಾಂಪಿನಲ್ಲೇ ಉಳಿಯಿರಿ. ಡಬ್ಬಿ, ಕೊಳೆನೀರು ಖಾಲಿಯಾಗಿ, ಒಳಗೆ ಗುಡಿಸಿ ಒರೆಸಿ, ಡೀಸೆಲ್ ತುಂಬಿಸಿ ಕೊಡಬೇಕು. ಡಬ್ಬಿ ಹಾಗೇ ಕೊಟ್ಟರೆ ಡಿಪಾಸಿಟ್ಟಿನಲ್ಲಿ ನೂರು ಯೂರೋಕ್ಕೂ ಮೇಲೆ ಹಿಡಿಯುತ್ತಾರೆ. ತೆಗೆದುಕೊಂಡ ದಿನ ಗಾಡಿಯ ಸುತ್ತ ತೆಗೆದ ವಿಡಿಯೋ ಫೋನಿನಲ್ಲಿರಲಿ. ಬಲಬಾಗಿಲ ಗೀರು ಯಾರದೆಂದು ನಮ್ಮಲ್ಲಿ ಕೇಳಿದರು. ಇವರು ಮಾತಾಡದೆ ವಿಡಿಯೋ ತೋರಿಸಿದರು, ಡಿಪಾಸಿಟ್ ಪೂರ್ತಿ ಬಂತು.